ಒಲೆಯಿಲ್ಲದ ಕೋಣೆಯಲ್ಲಿ ಒಂದು ಮಳೆಗಾಲ

ಜೂನ್ ತಿಂಗಳಲ್ಲಿ ನನಗೆ ಮಡಿಕೇರಿಗೆ ವರ್ಗವಾಯಿತು. ನಮ್ಮದು ಮಂಡ್ಯದ ಕಡೆ. ಗಂಡ, ಮಗ ಮೈಸೂರಿನಲ್ಲಿದ್ದರು. ಮಡಿಕೇರಿಯಲ್ಲಿ ಒಂದು ಬಾಡಿಗೆ ಮನೆ ನೋಡಿ ಮುಂಗಡವನ್ನೂ ಕೊಟ್ಟೆವು. ಆದರೆ ಅಲ್ಲಿದ್ದವರು ಖಾಲಿ ಮಾಡುವುದು ದಸರಾ ಕಳೆದ ಮೇಲೆ ಎಂದಾಯಿತು. ಅಲ್ಲಿಯವರೆಗೆ ಮಹದೇವಪೇಟೆಯ ಹತ್ತಿರ ಒಂದು ಕೋಣೆ ಹಿಡಿದೆ. ಮಂಚ, ಮೇಜು, ಬಚ್ಚಲು, ಬಿಸಿನೀರು ಎಲ್ಲ ಇತ್ತು. ಅಡುಗೆಮನೆ ಮಾತ್ರ ಇರಲಿಲ್ಲ.

"ಗ್ಯಾಸು, ಇಂಡಕ್ಷನ್ನು ಯಾವುದೂ ಬೇಡ ಮೇಡಂ. ಹಳೇ ಮನೆ, ಮೇಲೆಲ್ಲ ಮರದ ಅಟ್ಟ. ನೀರು ಕಾಯಿಸೋ ಕೆಟಲ್ ಒಂದು ಇಟ್ಕೊಳ್ಳಿ, ಪರ್ವಾಗಿಲ್ಲ" ಎಂದರು ಮನೆ ಯಜಮಾನರು. ನ್ಯಾಯವಾದ ಮಾತು. ಒಪ್ಪಿಕೊಂಡೆ.

ಬೇರೆ ಸಮಯವಾಗಿದ್ದರೆ ನಾಲ್ಕು ತಿಂಗಳು ಹೋಟೆಲಿನಲ್ಲಿ ತಿಂದು ಕಳೆಯಬಹುದಿತ್ತು. ಆದರೆ ಮೇ ತಿಂಗಳಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂದಿತ್ತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆಯೇ. ನಮ್ಮಮ್ಮ ಹದಿನೈದು ವರ್ಷ ಸಕ್ಕರೆ ಕಾಯಿಲೆಯಲ್ಲಿ ಪಟ್ಟ ಪಾಡು ನೋಡಿದ್ದೇನೆ. ಮಾತ್ರೆ ಇಲ್ಲದೆ ಊಟದಲ್ಲೇ ತಡೆಯೋಣ ಎಂದು ಡಾಕ್ಟರು ಹೇಳಿದ್ದರು. ಊಟವೇ ಮದ್ದು ಅನ್ನುವ ಹೊತ್ತಿಗೆ ಸರಿಯಾಗಿ ನನ್ನ ಕೈಯಲ್ಲಿ ಒಲೆ ಇರಲಿಲ್ಲ.

ಮೊದಲ ವಾರ ಏನೇನು ತಿಂದೆ ಎಂದು ಸುಮ್ನೆ ಒಂದು ಡೈರಿಯಲ್ಲಿ ಬರೆದೆ. ಇಡ್ಲಿ, ದೋಸೆ, ಚಿತ್ರಾನ್ನ, ಅನ್ನ ಸಾಂಬಾರು, ಪರೋಟ, ಮತ್ತೆ ಅನ್ನ. ಬರೆದದ್ದನ್ನು ಓದಿದಾಗ ವಿಷಯ ಕಣ್ಣಿಗೆ ಬಿತ್ತು. ಹೊಟ್ಟೆಗೆ ಕಡಿಮೆ ಆಗಿರಲಿಲ್ಲ. ಹೋಟೆಲಿನಲ್ಲಿ ಅಕ್ಕಿ ಧಾರಾಳ, ಎಣ್ಣೆ ಧಾರಾಳ, ಉಪ್ಪೂ ಧಾರಾಳ. ತರಕಾರಿ ಎಂದರೆ ಒಂದು ಚಮಚ ಪಲ್ಯ. ಹಣ್ಣು ಇಲ್ಲ. ಕಾಳು ಇಲ್ಲ, ಇದ್ದರೆ ಸಾಂಬಾರಿನ ತಳದಲ್ಲಿ ನಾಲ್ಕು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2024ರಲ್ಲಿ ಹೊಸ ಆಹಾರ ಸೂಚಿ ಕೊಟ್ಟಿದೆ. 2,000 ಕ್ಯಾಲರಿಯ ಒಂದು ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ಕಡಲೆಬೀಜದಂಥ ಬೀಜಗಳು 35 ಗ್ರಾಂ, ಹಾಲು ಮೊಸರು 300 ಮಿಲಿ ಲೀಟರ್ ಇರಬೇಕು ಎನ್ನುತ್ತದೆ. ಧಾನ್ಯಕ್ಕಿಂತ ತರಕಾರಿ ಜಾಸ್ತಿ ಎನ್ನುವುದನ್ನು ಗಮನಿಸಿ. ನನ್ನ ಡೈರಿಯಲ್ಲಿ ಇದು ಪೂರ್ತಿ ಉಲ್ಟಾ ಇತ್ತು.

ಅಲ್ಲಿಂದ ಲೆಕ್ಕ ಸುಲಭವಾಯಿತು. ಬೆಂಕಿ ಬೇಕಾದ್ದು ಅನ್ನ, ರೊಟ್ಟಿ, ಸಾರು. ಅದನ್ನು ಹೊರಗೆ ತಿನ್ನುವುದು. ಹೊರಗೆ ಸಿಗದ್ದು ತರಕಾರಿ, ಕಾಳು, ಹಣ್ಣು, ಮೊಸರು. ಅವಕ್ಕೆ ಬೆಂಕಿ ಅಷ್ಟಾಗಿ ಬೇಕಿಲ್ಲ. ಅದನ್ನು ಕೋಣೆಯಲ್ಲಿ ಮಾಡಿಕೊಳ್ಳುವುದು. ಪೂರ್ತಿ ಅಡುಗೆಯನ್ನು ಕೋಣೆಗೆ ತರಲು ಹೋಗಬಾರದು, ಹೋಟೆಲು ಬಿಟ್ಟ ಅರ್ಧವನ್ನು ಮಾತ್ರ ತುಂಬಿಸಬೇಕು ಎಂದು ನಿರ್ಧರಿಸಿದೆ.

ಶುಕ್ರವಾರ ಮಡಿಕೇರಿಯ ಸಂತೆ. ಕಚೇರಿ ಬಿಟ್ಟ ಕೂಡಲೇ ಕೊಡೆ ಹಿಡಿದು ಹೋಗುತ್ತಿದ್ದೆ. ಮಳೆಗಾಲದ ಸಂತೆಯಲ್ಲಿ ಕಣಿಲೆ (ಎಳೆ ಬಿದಿರಿನ ಮೊಳಕೆ), ಮರಗೆಸುವಿನ ಎಲೆ, ಅಣಬೆ ಎಲ್ಲ ಬರುತ್ತವೆ. ನೋಡಿದರೆ ಆಸೆಯಾಗುತ್ತದೆ. ಆದರೆ ಅವು ಒಲೆ ಇದ್ದವರ ಸಾಮಾನು. ಕಣಿಲೆಯನ್ನು ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿದ ಮೇಲೇ ತಿನ್ನಬೇಕು. ಹಸಿಯಲ್ಲಿ ವಿಷದ ಅಂಶ ಇರುತ್ತದೆ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ನಾನು ತರುತ್ತಿದ್ದದ್ದು ಕ್ಯಾರೆಟ್, ಸೌತೆಕಾಯಿ, ಮೂಲಂಗಿ, ಬೀಟ್‌ರೂಟ್, ಎಳೆ ಬೀನ್ಸ್, ಟೊಮೆಟೊ, ನಿಂಬೆ. ಸಿಪ್ಪೆ ತೆಗೆದು ತಿನ್ನುವಂಥವೇ ಜಾಸ್ತಿ. ಮಳೆಗಾಲದಲ್ಲಿ ಸೊಪ್ಪು ಮಣ್ಣು ನೀರಿನಲ್ಲಿ ನೆನೆದು ಬಂದಿರುತ್ತದೆ. ಅದನ್ನು ಹಸಿಯಾಗಿ ತಿನ್ನುವ ಧೈರ್ಯ ಬೇಡ. ಫ್ರಿಜ್ ಇಲ್ಲದಿದ್ದರೂ ತರಕಾರಿ ಬಾಡಲಿಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಮಳೆಗಾಲದಲ್ಲಿ ಕೋಣೆಯೇ ತಣ್ಣಗೆ. ಮಂಡ್ಯದಲ್ಲಿ ಎರಡು ದಿನಕ್ಕೆ ಮೆತ್ತಗಾಗುವ ಕ್ಯಾರೆಟ್ ಇಲ್ಲಿ ಮುಂದಿನ ಸಂತೆಯವರೆಗೂ ಗಟ್ಟಿಯಾಗಿರುತ್ತಿತ್ತು.

ಬೆಣ್ಣೆಹಣ್ಣಿನ ಬಗ್ಗೆ ಹೇಳಲೇಬೇಕು. ಪೇಟೆಯವರು ಅವಕಾಡೊ ಎಂದು ದುಬಾರಿ ಬೆಲೆಗೆ ಕೊಳ್ಳುವ ಹಣ್ಣು ಕೊಡಗಿನಲ್ಲಿ ಕಾಫಿ ತೋಟದ ಮಧ್ಯೆ ಬೆಳೆಯುತ್ತದೆ. ನಾನು ಹೋದಾಗ ಅದರ ಕಾಲವೇ ನಡೆಯುತ್ತಿತ್ತು. ಇಲ್ಲಿ ಸಾಮಾನ್ಯವಾಗಿ ಸಕ್ಕರೆ, ಹಾಲು ಹಾಕಿ ಜ್ಯೂಸ್ ಮಾಡುತ್ತಾರೆ. ನಾನು ಹಣ್ಣನ್ನು ಕತ್ತರಿಸಿ, ಉಪ್ಪು, ನಿಂಬೆರಸ, ಕುಟ್ಟಿದ ಕಾಳುಮೆಣಸು ಹಾಕಿ ಚಮಚದಲ್ಲಿ ತಿನ್ನುತ್ತಿದ್ದೆ. ಒಳ್ಳೆಯ ಕೊಬ್ಬು, ನಾರು ಜಾಸ್ತಿ, ಸಕ್ಕರೆ ತೀರಾ ಕಡಿಮೆ. ಅರ್ಧ ಹಣ್ಣು ತಿಂದರೆ ಗಂಟೆಗಟ್ಟಲೆ ಹಸಿವಿಲ್ಲ. ಕಾಯಿ ತಂದರೆ ಹಳೇ ಪೇಪರಿನಲ್ಲಿ ಬಾಳೆಹಣ್ಣಿನ ಜೊತೆ ಸುತ್ತಿಡಬೇಕು, ಬೇಗ ಹಣ್ಣಾಗುತ್ತದೆ.

ಕೋಣೆಯ ಮುಖ್ಯ ಅಡುಗೆ ಎಂದರೆ ಕೋಸಂಬರಿ. ನಮ್ಮವರು ರಾಮನವಮಿಗೆ, ಮದುವೆಗೆ ಎಲೆಯ ತುದಿಯಲ್ಲಿ ಒಂದು ಚಿಟಿಕೆ ಬಡಿಸುವ ಪದಾರ್ಥವನ್ನು ನಾನು ಬಟ್ಟಲು ತುಂಬ ತಿಂದೆ. ಒಂದು ಹಿಡಿ ಹೆಸರುಬೇಳೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಒಂದೂವರೆ ಗಂಟೆ ನೆನೆಸಿದರೆ ಸಾಕು. ತುರಿದ ಕ್ಯಾರೆಟ್, ಹೆಚ್ಚಿದ ಸೌತೆಕಾಯಿ, ಕಾಯಿತುರಿ, ನಿಂಬೆರಸ. ಉಪ್ಪು ಮಾತ್ರ ತಿನ್ನುವ ಹೊತ್ತಿಗೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬೇಳೆ ನೆನೆಹಾಕಿ, ಸ್ನಾನ, ಪೂಜೆ ಮುಗಿಸಿ ಬಂದರೆ ಸರಿಹೋಗುತ್ತಿತ್ತು. ಅರ್ಧ ತಿಂಡಿಗೆ, ಅರ್ಧ ಡಬ್ಬಿಯಲ್ಲಿ ಮಧ್ಯಾಹ್ನಕ್ಕೆ.

ಮೊಳಕೆಕಾಳು ಮಡಿಕೇರಿಯಲ್ಲಿ ಬಹಳ ನಿಧಾನ. ಮೈಸೂರಿನಲ್ಲಿ ರಾತ್ರಿ ಕಟ್ಟಿಟ್ಟರೆ ಬೆಳಿಗ್ಗೆ ಬಾಲ ಬಿಡುತ್ತದೆ. ಇಲ್ಲಿ ಜುಲೈಯಲ್ಲಿ ಎರಡು ದಿನ ಬೇಕು. ಅಷ್ಟು ಹೊತ್ತು ತೇವದಲ್ಲಿದ್ದ ಕಾಳನ್ನು ಹಸಿಯಾಗಿ ತಿನ್ನುವುದು ಒಳ್ಳೆಯದಲ್ಲ. ಕುದಿಯುವ ನೀರು ಹೊಯ್ದು, ಮುಚ್ಚಿಟ್ಟು, ಬಸಿದು ತಿನ್ನುತ್ತಿದ್ದೆ. ಕಡಲೆಬೀಜದ್ದೂ ಹೀಗೇ ಒಂದು ಎಚ್ಚರಿಕೆ. ಈ ತೇವಕ್ಕೆ ಬೀಜದ ಮೇಲೆ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಒಂದೇ ಸಲ ಕೆಜಿಗಟ್ಟಲೆ ತರದೆ ಕಾಲು ಕೆಜಿ ತಂದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದೆ. ಅವಲಕ್ಕಿ, ಹುರಿಗಡಲೆಗೂ ಅದೇ ಕ್ರಮ.

ಊರಿನಿಂದ ಅತ್ತೆ ರಾಗಿ ಹುರಿಹಿಟ್ಟು ಕಳಿಸಿದ್ದರು. ರಾಗಿಯನ್ನು ಅರಳು ಹುರಿದು ಬೀಸಿದ ಹಿಟ್ಟು ಅದು. ಮತ್ತೆ ಬೇಯಿಸುವ ಕೆಲಸವೇ ಇಲ್ಲ. ಬಿಸಿ ಹಾಲಿನಲ್ಲಿ ಕಲಸಬಹುದು, ಮಜ್ಜಿಗೆಯಲ್ಲಿ ಕಲಸಿ ಉಪ್ಪು, ಈರುಳ್ಳಿ ಹಾಕಬಹುದು. ಹಿಂದೆ ಹೊಲಕ್ಕೆ, ದೂರದ ಜಾತ್ರೆಗೆ ಹೋಗುವವರು ಗಂಟು ಕಟ್ಟಿಕೊಂಡು ಹೋಗುತ್ತಿದ್ದ ಆಹಾರ. ಒಲೆಯಿಲ್ಲದೆ ಬದುಕುವ ವಿದ್ಯೆ ನಮ್ಮ ಅಜ್ಜಿಯರಿಗೆ ಗೊತ್ತಿತ್ತು ಎಂದು ಆ ದಿನಗಳಲ್ಲಿ ಮನಸ್ಸು ತುಂಬಿ ಬರುತ್ತಿತ್ತು. ನಾನು ಬೆಲ್ಲ ಹಾಕಲಿಲ್ಲ, ಮಜ್ಜಿಗೆಯಲ್ಲೇ ತಿಂದೆ. ಮುದ್ದೆಯ ನೆನಪಾದಾಗ ಅದೇ ಸಮಾಧಾನ.

ಇನ್ನು ಕೆಟಲ್ಲು. ಕೋಣೆಯಲ್ಲಿದ್ದದ್ದು ಸಣ್ಣ ಪ್ಲಗ್ಗು, 6 ಆಂಪಿಯರ್‌ನದ್ದು. 230 ವೋಲ್ಟಿಗೆ ಗುಣಿಸಿದರೆ 1,380 ವ್ಯಾಟ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೆಟಲ್ 1,500 ವ್ಯಾಟ್. ಅಂದರೆ ಹಳೇ ವೈರಿಂಗಿನ ಮನೆಯಲ್ಲಿ ಆ ಪ್ಲಗ್ಗಿಗೆ ಇದು ಭಾರ. ನಮ್ಮ ಕಚೇರಿಯ ಎಲೆಕ್ಟ್ರಿಷಿಯನ್ ಇದನ್ನು ಮೊದಲೇ ಹೇಳಿದ್ದರಿಂದ 600 ವ್ಯಾಟಿನ ಅರ್ಧ ಲೀಟರಿನ ಪುಟ್ಟ ಕೆಟಲ್ ಕೊಂಡೆ. ನೀರು ಕುದಿಯಲು ಸ್ವಲ್ಪ ತಡ, ಆದರೆ ಪ್ಲಗ್ಗು ಬಿಸಿಯಾಗುವುದಿಲ್ಲ. ಮನೆಯವರಿಗೂ ನೆಮ್ಮದಿ.

ಕೆಟಲ್ಲಿನಲ್ಲಿ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಹಾಲು ಹಾಕಿದರೆ ಉಕ್ಕುತ್ತದೆ, ತಳ ಹಿಡಿಯುತ್ತದೆ. ಬೇಯುವ ಕೆಲಸಕ್ಕೆ ನಂಬಿದ್ದು ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕನ್ನು. ಸಾಯಂಕಾಲ ಕೋಣೆಗೆ ಬಂದ ಕೂಡಲೇ ನೀರು ಕಾಯಿಸಿ ಫ್ಲಾಸ್ಕಿಗೆ ಹೊಯ್ದು ಐದು ನಿಮಿಷ ಬಿಡುತ್ತಿದ್ದೆ, ಒಳಗೆ ಬಿಸಿಯಾಗಲಿ ಎಂದು. ಆ ನೀರು ಚೆಲ್ಲಿ, ಸಣ್ಣ ಬಟ್ಟಲು ಗೋಧಿ ನುಚ್ಚು, ನೆನೆದ ಹೆಸರುಬೇಳೆ ಎರಡು ಚಮಚ, ಸಣ್ಣಗೆ ಹೆಚ್ಚಿದ ಬೀನ್ಸ್, ತುರಿದ ಕ್ಯಾರೆಟ್ ಹಾಕಿ, ನುಚ್ಚಿನ ನಾಲ್ಕು ಪಟ್ಟು ಕುದಿಯುವ ನೀರು. ಗಟ್ಟಿಯಾಗಿ ಮುಚ್ಚಿ, ಒಮ್ಮೆ ಅಲ್ಲಾಡಿಸಿ, ಟವೆಲ್ ಸುತ್ತಿಟ್ಟರೆ ಎರಡು ಗಂಟೆಯಲ್ಲಿ ಮೆತ್ತನೆಯ ಗಂಜಿಯಂಥ ಊಟ. ಮೇಲೆ ನಿಂಬೆ, ಕಾಳುಮೆಣಸು, ಅರ್ಧ ಚಮಚ ತುಪ್ಪ. ಹೊರಗೆ ಮಳೆ ಹೊಡೆಯುವಾಗ ಮುಚ್ಚಳ ತೆಗೆದರೆ ಹಬೆ ಏಳುತ್ತಿತ್ತು. ಹಬೆ ಬರಲೇಬೇಕು. ಉಗುರು ಬೆಚ್ಚಗಾಗಿದ್ದರೆ ತಿನ್ನಬಾರದು, ಆ ಬಿಸಿಯಲ್ಲಿ ರೋಗಾಣು ಬೆಳೆಯುತ್ತದೆ.

ಇಲ್ಲೊಂದು ಎಚ್ಚರಿಕೆ. ಮಡಿಕೇರಿಯ ಎತ್ತರದಲ್ಲಿ ನೀರು 100 ಡಿಗ್ರಿಗೆ ಬರುವ ಮೊದಲೇ, ಸುಮಾರು 96 ಡಿಗ್ರಿಗೆ ಕುದಿಯುತ್ತದೆ. ಫ್ಲಾಸ್ಕಿನಲ್ಲಿ ಅದು ಇನ್ನೂ ಇಳಿಯುತ್ತದೆ. ನುಚ್ಚು, ಓಟ್ಸ್, ಹೆಸರುಬೇಳೆಗೆ ಇದು ಸಾಕು. ರಾಜ್ಮಾವನ್ನು ಮಾತ್ರ ಫ್ಲಾಸ್ಕಿನಲ್ಲಿ ಹಾಕಲೇಬಾರದು. ಅದರಲ್ಲಿರುವ ವಿಷದ ಅಂಶ ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ. ಅರೆಬೆಂದ ರಾಜ್ಮಾ ನಾಲ್ಕೈದು ಕಾಳು ತಿಂದರೂ ವಾಂತಿ ಭೇದಿ ಆಗಬಹುದು.

ಬೆಳಗಿನ ತಿಂಡಿಗೆ ಹೊರಗೆ ಹೋದ ದಿನ ಏನು ತಿನ್ನಬೇಕು ಎಂದು ಕಲಿಸಿದ್ದು ಮಡಿಕೇರಿಯೇ. ಕೇರಳದವರ ಸಣ್ಣ ಹೋಟೆಲುಗಳಲ್ಲಿ ಪುಟ್ಟು ಕಡಲೆ ಸಿಗುತ್ತದೆ. ಹಬೆಯಲ್ಲಿ ಬೆಂದ ಅಕ್ಕಿಹಿಟ್ಟು, ಜೊತೆಗೆ ಕಪ್ಪು ಕಡಲೆ ಗಸಿ. ಎಣ್ಣೆ ಕಡಿಮೆ, ಕಾಳು ಬೇಕಾದಷ್ಟು. ಅದೇ ಹೋಟೆಲಿನ ಪರೋಟ ಮೈದಾ ಮತ್ತು ಎಣ್ಣೆ. ಒಂದೇ ಮೇಜು, ಒಂದೇ ಮಾಣಿ, ಕೇಳುವುದರಲ್ಲಿ ಎಷ್ಟು ವ್ಯತ್ಯಾಸ ನೋಡಿ! ನಾನು ಪುಟ್ಟು ಅರ್ಧ ತಿಂದು ಕಡಲೆ ಇನ್ನೊಂದು ಬಟ್ಟಲು ಹಾಕಿಸಿಕೊಳ್ಳುತ್ತಿದ್ದೆ. ಕೊಡವರ ಕಡಂಬುಟ್ಟು, ನೂಲ್‌ಪುಟ್ಟು ಕೂಡ ಹಬೆಯ ಅಡುಗೆಗಳೇ. ಹೊಟ್ಟೆಗೆ ಹಗುರ. ಆದರೆ ಅವೂ ಅಕ್ಕಿಯೇ, ನನ್ನಂಥವರು ಒಂದೆರಡಕ್ಕೆ ನಿಲ್ಲಿಸಿ ಜೊತೆಗೆ ಮೊಟ್ಟೆಯೋ ಕಾಳೋ ತಿನ್ನಬೇಕು.

ಮಧ್ಯಾಹ್ನದ ಊಟಕ್ಕೆ ಕಚೇರಿಯ ಹಿಂದಿನ ಬೀದಿಯಲ್ಲಿ ಒಬ್ಬ ಅಕ್ಕ ಮನೆಯಲ್ಲೇ ನಡೆಸುವ ಮೆಸ್ ಇತ್ತು. ಅನ್ನ, ಸಾರು, ಪಲ್ಯ, ಮಜ್ಜಿಗೆ. ನಾಲ್ಕು ದಿನ ಊಟ ಮಾಡಿ ಪರಿಚಯ ಆದ ಮೇಲೆ ಕೇಳಿದೆ.

"ಅಕ್ಕ, ನನಗೆ ಅನ್ನ ಅರ್ಧ ಸಾಕು. ಪಲ್ಯ ಮೂರು ಸೌಟು ಹಾಕ್ತೀರಾ? ಜಾಸ್ತಿ ದುಡ್ಡು ಕೊಡ್ತೀನಿ."

"ಯಾಕಕ್ಕ, ಶುಗರ್ರಾ?"

"ಇನ್ನೂ ಬಂದಿಲ್ಲ. ಬರಬಾರದು ಅಂತ."

"ನಮ್ಮ ಯಜಮಾನ್ರಿಗೂ ಇದೆ ಅಕ್ಕ. ದುಡ್ಡೆಲ್ಲ ಬೇಡ, ಅನ್ನ ಉಳೀತದಲ್ಲ" ಎಂದರು.

ಆ ದಿನದಿಂದ ನನ್ನ ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ. ಕೆಲವು ದಿನ ಎರಡು ಬೇಯಿಸಿದ ಮೊಟ್ಟೆ ಕಟ್ಟಿಕೊಡುತ್ತಿದ್ದರು, ರಾತ್ರಿಗೆ ಆಗಲಿ ಎಂದು. ಅದಕ್ಕೆ ಮಾತ್ರ ಒತ್ತಾಯ ಮಾಡಿ ದುಡ್ಡು ಕೊಟ್ಟೆ. ಮಳೆ ಜೋರಾದಾಗ ಕಣಿಲೆ ಪಲ್ಯವೂ ಆ ಮೆಸ್ಸಿನಲ್ಲೇ ಸಿಕ್ಕಿತು. ಸಂತೆಯಲ್ಲಿ ಆಸೆಪಟ್ಟು ಬಿಟ್ಟು ಬಂದದ್ದು ಹೀಗೆ ಬಾಯಿಗೆ ಬಂತು. ಹೋಟೆಲಿನವರು ಬದಲಾಯಿಸುವುದಿಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ದೊಡ್ಡ ಹೋಟೆಲಿನಲ್ಲಿ ಕಷ್ಟ ಇರಬಹುದು. ಮನೆಯವರೇ ನಿಂತು ಬಡಿಸುವ ಜಾಗದಲ್ಲಿ ಬಾಯಿಬಿಟ್ಟು ಕೇಳಿದರೆ ಖಂಡಿತ ನಡೆಯುತ್ತದೆ.

ಮೊಟ್ಟೆಗೆ ಸುಮಾರು 6 ಗ್ರಾಂ ಪ್ರೋಟೀನ್. ದೊಡ್ಡವರಿಗೆ ದಿನಕ್ಕೆ ದೇಹದ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. 62 ಕೆಜಿಯ ನನಗೆ 51 ಗ್ರಾಂ ಆಸುಪಾಸು. ಬೇಳೆ, ಕಡಲೆ, ಮೊಟ್ಟೆ, ಹಾಲು, ನಂದಿನಿ ಮೊಸರಿನ ಪೊಟ್ಟಣ, ಒಂದು ಹಿಡಿ ಶೇಂಗಾ, ಮೆಸ್ಸಿನ ಊಟ ಎಲ್ಲ ಕೂಡಿಸಿದರೆ ಅದು ಆರಾಮಾಗಿ ತುಂಬುತ್ತಿತ್ತು. ಡಬ್ಬಿಯಲ್ಲಿ ಬರುವ ಪೌಡರ್ ಯಾವುದೂ ಬೇಕಾಗಲಿಲ್ಲ.

ಕಷ್ಟ ಇದ್ದದ್ದು ಕರೆಂಟ್ ಹೋದ ದಿನಗಳಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಾಳಿಗೆ ಮರ ಬಿದ್ದರೆ ತಂತಿ ಹೋಯಿತು. ಕರೆಂಟ್ ಇದ್ದಾಗಲೇ ನೀರು ಕಾಯಿಸಿ ಇನ್ನೊಂದು ಫ್ಲಾಸ್ಕಿನಲ್ಲಿ ತುಂಬಿಡುವುದು ಅಭ್ಯಾಸವಾಯಿತು. ಅದೂ ಮುಗಿದರೆ ತೆಳು ಅವಲಕ್ಕಿ, ಮೊಸರು, ತುರಿದ ಸೌತೆಕಾಯಿ. ಅವಲಕ್ಕಿಯೂ ಅಕ್ಕಿಯದೇ ಆದ್ದರಿಂದ ಅವಲಕ್ಕಿ ಒಂದು ಹಿಡಿಯಾದರೆ ಸೌತೆಕಾಯಿ ಎರಡು ಹಿಡಿ. ತಣ್ಣನೆಯ ರಾತ್ರಿಯಲ್ಲಿ ತಣ್ಣನೆಯ ಊಟ, ನಿಜ ಹೇಳಬೇಕೆಂದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥ ರಾತ್ರಿ ಮನೆಯ ನೆನಪು ಬಹಳ ಕಾಡುತ್ತಿತ್ತು. ಆಗೆಲ್ಲ ರಸ್ತೆಬದಿಯ ಗಾಡಿಯಿಂದ ಬಜ್ಜಿಯ ವಾಸನೆ ಬಂದರೆ ಕಾಲು ನಿಲ್ಲುತ್ತಿತ್ತು. ವಾರಕ್ಕೊಮ್ಮೆ ಎಂದು ಗೆರೆ ಹಾಕಿಕೊಂಡು, ಆ ಒಂದು ದಿನ ಮನಸಾರೆ ತಿಂದೆ.

ಆಗಸ್ಟ್ 3ರ ಸುಮಾರಿಗೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಬಂತು. ಕೊಡಗಿನವರಿಗೆ ಅದು ಮದ್ದು ಸೊಪ್ಪಿನ ದಿನ. ಆ ದಿನ ಆ ಗಿಡದಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಸೇರಿರುತ್ತದೆ ಎನ್ನುವುದು ಇಲ್ಲಿಯವರ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ಬರುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ನಮ್ಮ ಕಚೇರಿಯ ಕೊಡವ ಗೆಳತಿ ನನಗೂ ಡಬ್ಬಿಯಲ್ಲಿ ತಂದಳು. "ನಾಳೆ ಮೂತ್ರ ಕೆಂಪಗೆ ಹೋದರೆ ಹೆದರಬೇಡಿ ಅಕ್ಕ, ಎಲ್ರಿಗೂ ಹಾಗೇ" ಎಂದು ಮೊದಲೇ ಹೇಳಿದಳು. ಬೆಲ್ಲದ ಪಾಯಸ, ನಾಲ್ಕು ಚಮಚಕ್ಕೆ ನಿಲ್ಲಿಸಿದೆ. ಆದರೆ ಆ ವಾಸನೆ, ಆ ಬಣ್ಣ, ಹೊರಗಿನವಳಾದ ನನ್ನನ್ನು ನೆನೆದು ತಂದ ಆ ಪ್ರೀತಿ ದೊಡ್ಡದು.

ಸೆಪ್ಟೆಂಬರ್ ಕೊನೆಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. 5.8 ಬಂತು. ದಿನಾ ಮಡಿಕೇರಿಯ ಏರುದಾರಿ ಹತ್ತಿ ಇಳಿದದ್ದರ ಪಾಲೂ ಅದರಲ್ಲಿ ಇದೆ ಎಂದರು ಡಾಕ್ಟರು. ಒಪ್ಪುತ್ತೇನೆ. ಇನ್ನೂ ಹೊಸ್ತಿಲಲ್ಲೇ ಇದ್ದೇನೆ, ಹಾಗಾಗಿ ಈಗಲೂ ಅದೇ ಕ್ರಮ. ಒಂದು ಮಾತು, ನನಗೆ ಮಾತ್ರೆ ಇರಲಿಲ್ಲ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಅನ್ನ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು. ಸಕ್ಕರೆ ತೀರಾ ಇಳಿದರೆ ಅದು ಇನ್ನೊಂದು ಅಪಾಯ.

ದಸರಾ ಮಂಟಪಗಳ ಗದ್ದಲ ಮುಗಿದ ವಾರ ನಮ್ಮ ಮನೆ ಖಾಲಿಯಾಯಿತು. ಗಂಡ, ಮಗ ಸಾಮಾನಿನ ಜೊತೆ ಬಂದರು. ನನ್ನ ಕೋಣೆಗೆ ಹಾಸನದ ಒಬ್ಬ ಹುಡುಗಿ ಬಂದಳು, ಆಸ್ಪತ್ರೆಯಲ್ಲಿ ಹೊಸದಾಗಿ ನರ್ಸ್ ಕೆಲಸ. ಬೀಗದ ಕೈ ಕೊಡುವಾಗ "ಅಕ್ಕ, ರಾತ್ರಿ ಏನ್ ತಿಂತಿದ್ರಿ ಇಲ್ಲಿ? ನನಗೆ ಪಾಳಿ ಕೆಲಸ, ಹೋಟೆಲ್ ಎಲ್ಲ ಮುಚ್ಚಿರುತ್ತೆ" ಎಂದು ಕೇಳಿದಳು. ನುಚ್ಚಿನ ಲೆಕ್ಕ ಬರೆದುಕೊಟ್ಟೆ. ಮೆಸ್ಸಿನ ಅಕ್ಕನ ಮನೆ ತೋರಿಸಿದೆ. "ಫ್ಲಾಸ್ಕ್ ತಗೊಳ್ಳುವಾಗ ಬಾಯಿ ಅಗಲ ಇರೋದೇ ನೋಡು, ಕೈ ಒಳಗೆ ಹೋಗಿ ತೊಳೆಯೋಕೆ ಬರಬೇಕು. ಶುಕ್ರವಾರ ರಜೆ ಇದ್ದರೆ ಹೇಳು, ಸಂತೆಗೆ ಒಟ್ಟಿಗೆ ಹೋಗೋಣ" ಎಂದೆ.